ಎಸರು ಯಾತಕೆ ಕೇಳ್ತೀಯೋ

ನಮ್ಮ ಮೊದಲ ಆಲ್ಬಂನ ಮೊದಲ ಹಾಡಿನ ಮೊದಲ ಪದ 'ಹೆಸರು'. ರಗಳೆ ಶುರುವಾದದ್ದೇ ಅಲ್ಲಿಂದ. ಕೊಳ್ಳೇಗಾಲದಲ್ಲಿ ಹುಟ್ಟಿ ಬೆಳೆದ ನನ್ನ ಬಾಯಿಗೆ 'ಹ' ಅನ್ನುವ ಅಕ್ಷರ ಒಗ್ಗುವುದಿಲ್ಲ. ಬರೆಯಲು ಬರುತ್ತದೆ, ಓದಲು ಬರುತ್ತದೆ, ಬಿ.ಕಾಂ. ಪಾಸಾಗುವಷ್ಟು ಬರುತ್ತದೆ. ಬಾಯಿ ಬಿಟ್ಟರೆ ಮಾತ್ರ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ, ಹನೂರು ಅನೂರಾಗುತ್ತದೆ. ನಮ್ಮ ಕಡೆ ಇದನ್ನು ಯಾರೂ ತಪ್ಪೆಂದು ಎಣಿಸಿದವರಲ್ಲ. ಆ ಅಕ್ಷರ ಇಲ್ಲದೆಯೇ ನಮ್ಮವರು ಮದುವೆ ಮಾಡಿದ್ದಾರೆ, ಜಗಳ ಕಾದಿದ್ದಾರೆ, ಜಮೀನು ರಿಜಿಸ್ಟರ್ ಮಾಡಿಸಿದ್ದಾರೆ. ಅದಿಲ್ಲ ಅಂತ ಯಾವ ಕೆಲಸವೂ ನಿಂತಿಲ್ಲ.

ನಾವು ಮೂವರು ಹುಡುಗಿಯರು. ನಾನು ಕೊಳ್ಳೇಗಾಲದವಳು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನಮ್ಮವ್ವ ಮುದ್ದೆ ಹೋಟೆಲ್ ನಡೆಸುತ್ತಾಳೆ, ಮನೆಯೂ ಅದರ ಹಿಂದೆಯೇ. ಎರಡನೆಯವಳು ಹನೂರಿನವಳು. ಅವರ ಮನೆಯಲ್ಲಿ ಅರ್ಧ ತಮಿಳು, ಅರ್ಧ ಕನ್ನಡ. ರಿದಂ ಪ್ಯಾಡ್ ಬಾರಿಸುತ್ತಾಳೆ, ಪ್ಯಾಡ್ ಇಲ್ಲದಿದ್ದರೆ ಬಸ್ಸಿನ ಸೀಟು ಬಾರಿಸುತ್ತಾಳೆ. ಮೂರನೆಯವಳು ಯಳಂದೂರಿನವಳು. ಕನ್ನಡ ಎಂ.ಎ. ಓದಿದವಳು, ಮೇಷ್ಟರ ಮಗಳು, ಕೀಬೋರ್ಡ್ ನುಡಿಸುವುದೂ ಹಾಡು ಬರೆಯುವುದೂ ಅವಳೇ. ನಮ್ಮ ಮೂವರಲ್ಲಿ 'ಹ' ಬರುತ್ತಿದ್ದದ್ದು ಅವಳೊಬ್ಬಳಿಗೆ. ಅವಳ ಅಪ್ಪ ಚಿಕ್ಕಂದಿನಲ್ಲೇ ಕಿವಿ ಹಿಂಡಿ ಕಲಿಸಿದ್ದರಂತೆ.

ನಾವು ಒಬ್ಬರಿಗೊಬ್ಬರು ಸಿಕ್ಕಿದ್ದು ಕಲ್ಯಾಣ ಮಂಟಪದ ಆರ್ಕೆಸ್ಟ್ರಾದಲ್ಲಿ. ಆರತಕ್ಷತೆಯಲ್ಲಿ ಯಾರೋ ದೊಡ್ಡ ಗಾಯಕರು ಹಾಡುವಾಗ ಹಿಂದೆ ನಿಂತು 'ಲಲಲಾ' ಅನ್ನುವುದು ನಮ್ಮ ಕೆಲಸ. ಊಟದ ಮನೆಯ ಬಾಗಿಲು ತೆರೆಯುತ್ತಿದ್ದಂತೆ ಕುರ್ಚಿಗಳೆಲ್ಲ ಖಾಲಿ, ನಮ್ಮ ಲಲಲಾ ಕೇಳಲು ಮದುಮಕ್ಕಳು ಬಿಟ್ಟರೆ ಯಾರೂ ಇರುತ್ತಿರಲಿಲ್ಲ. ಅವರಿಗೂ ಎದ್ದು ಹೋಗುವಂತಿರಲಿಲ್ಲ, ಪಾಪ. ಒಂದು ದಿನ ಕೈತೊಳೆಯುವ ಜಾಗದಲ್ಲಿ ನಿಂತು ಹನೂರಿನವಳು, "ಇನ್ನೊಬ್ರ ಆಡ್ಗೆ ಎಷ್ಟ್ ದಿನ ಒಗ್ಗರಣೆ ಆಕದು? ನಮ್ದೇ ಆಡು ಮಾಡವಾ," ಅಂದಳು. ಯಳಂದೂರಿನವಳ ಬ್ಯಾಗಿನಲ್ಲಿ ಹಾಡುಗಳು ಆಗಲೇ ಇದ್ದವು. ಹಾಗೆ ಶುರುವಾಯಿತು ನಮ್ಮ ಆಲ್ಬಂ.

ಆರು ಹಾಡು ಸಿದ್ಧವಾದವು. ಗುಂಪಿಗೆ ಒಂದು ಹೆಸರು ಮಾತ್ರ ಸಿದ್ಧವಾಗಲಿಲ್ಲ. ಯಳಂದೂರಿನವಳು 'ಝೇಂಕಾರ ತ್ರಯ' ಅಂದಳು. ಸೊಳ್ಳೆ ಬಂದ ಹಾಗಿದೆ ಅಂತ ನಾವಿಬ್ಬರು ಬೇಡವೆಂದೆವು. ಹನೂರಿನವಳು 'ತ್ರೀ ಸ್ಟಾರ್ಸ್' ಅಂದಳು. ಅದು ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್ಟಿನ ಹೆಸರಾಯಿತು. ಕೊನೆಗೆ ಫೋನಿನಲ್ಲಿ ನಾವು ಮೂವರು ಮಾತಾಡಿಕೊಳ್ಳುವ ಗುಂಪಿಗೆ 'ಹೆಸರಿಟ್ಟಿಲ್ಲ' ಅಂತಲೇ ಹೆಸರಿಟ್ಟುಕೊಂಡು ಮುಂದೆ ಹೋದೆವು.

ಮೊದಲ ಹಾಡು ಹಾಡುವುದು ನಾನು ಅಂತ ಮೊದಲೇ ತೀರ್ಮಾನವಾಗಿತ್ತು. ನನ್ನದು ಎತ್ತರದ ದನಿ. ಅದಕ್ಕೆ ಯಾವ ಗುರುವೂ ಕಾರಣರಲ್ಲ, ನಮ್ಮ ಹೋಟೆಲ್ ಕಾರಣ. ಹೊತ್ತು ಮಧ್ಯಾಹ್ನಕ್ಕೆ ತಿರುಗಿತೆಂದರೆ ಅವ್ವ ಗಲ್ಲಾ ಪೆಟ್ಟಿಗೆಯಿಂದ ಕೂಗುತ್ತಾಳೆ: "ಮಗಾ, ಎಸ್ರು ಮಡಗಿದ್ದಿಯಾ?" ನಾನು ಹಿಂದಿನ ಅಡುಗೆಮನೆಯಿಂದ, ಮುಂದೆ ಕುಳಿತ ಗಿರಾಕಿಗಳ ಗದ್ದಲ ದಾಟುವ ಹಾಗೆ ಕೂಗಬೇಕು: "ಮಡಗಿವ್ನಿ ಕಣವ್ವೋ, ಕುದೀತಾ ಅದೆ!" ಮುದ್ದೆಗೂ ಅನ್ನಕ್ಕೂ ಒಲೆಯ ಮೇಲೆ ಎಸರು ಮರಳುತ್ತಿದ್ದರೆ ಅವ್ವನ ಮನಸ್ಸು ತಣ್ಣಗೆ. ಶಾಲೆಗೆ ಹೋಗುವ ಕಾಲದಿಂದ ಈ ಸವಾಲ್ ಜವಾಬು ನಡೆದೇ ಇದೆ. ಅದೇ ನನ್ನ ಸಂಗೀತ ಪಾಠ.

ಯಳಂದೂರಿನವಳು ನನಗಾಗಿ ಬರೆದ ಪಲ್ಲವಿ ಹೀಗಿತ್ತು:

ಹೆಸರು ಯಾತಕೆ ಕೇಳ್ತೀಯೋ, ಹಕ್ಕಿ ಕಣೋ ನಾನು
ಹಾರೋ ಮೊದಲೇ ಬಂದ್ಬಿಡೋ, ಹಾದಿ ಕಾಯ್ತೀನಿ ನಾನು

ರೆಕಾರ್ಡಿಂಗ್ ಸ್ಟುಡಿಯೋ ಇದ್ದದ್ದು ಮೈಸೂರಿನಲ್ಲಿ, ಒಂದು ಮನೆಯ ಮಹಡಿಯ ಮೇಲೆ. ಅದರ ಯಜಮಾನರನ್ನು ನಾವು ಸಾರ್ ಅಂತಲೇ ಕರೆಯುತ್ತಿದ್ದೆವು. ಮೆದು ಮಾತಿನ ಮನುಷ್ಯ, ಹಾಡು ಚೆನ್ನಾಗಿ ಬರಲಿ ಅಂತ ನಮಗಿಂತ ಹೆಚ್ಚು ಅವರಿಗೇ ಇತ್ತು. ಗಾಜಿನ ಆ ಕಡೆ ಅವರು, ಈ ಕಡೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ನಾನು. ನಾನು ಕಣ್ಣು ಮುಚ್ಚಿ, ಜೀವ ತುಂಬಿ ಹಾಡಿದೆ:

ಎಸರು ಯಾತಕೆ ಕೇಳ್ತೀಯೋ, ಅಕ್ಕಿ ಕಣೋ ನಾನು
ಆರೋ ಮೊದಲೇ ಬಂದ್ಬಿಡೋ, ಆದಿ ಕಾಯ್ತೀನಿ ನಾನು

ಸಾರ್ ಸಂಗೀತ ನಿಲ್ಲಿಸಿದರು. "ಅಮ್ಮಾ, ಹಾಡ್ತಾ ಇದ್ದೀರೋ, ಅನ್ನ ಮಾಡ್ತಾ ಇದ್ದೀರೋ?" ಅಂತ ಕೇಳಿದರು. ನನಗೆ ಅರ್ಥವಾಗಲಿಲ್ಲ. ಅವರು ತಿರುಗಿ ಹಾಕಿ ಕೇಳಿಸಿದಾಗ ಆಯಿತು. ಎಸರು ಕುದಿಯುತ್ತಿದೆ, ಅಕ್ಕಿ ಸಿದ್ಧವಾಗಿದೆ, ಆರಿ ತಣ್ಣಗಾಗುವ ಮೊದಲೇ ಬಾ ಅಂತ ಯಾರೋ ಕರೆಯುತ್ತಿದ್ದಾಳೆ. ಹಕ್ಕಿ ಎಲ್ಲೂ ಇಲ್ಲ. ಹನೂರಿನವಳು ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಳಂದೂರಿನವಳು ನಗಲಿಲ್ಲ. ಆ ಹಕ್ಕಿಯನ್ನು ಅವಳು ತಿಂಗಳುಗಟ್ಟಲೆ ಮುದ್ದಿನಿಂದ ಸಾಕಿದ್ದಳು.

ಮತ್ತೆ ಹಾಡಿದೆ, ಮತ್ತೆ ಅಕ್ಕಿ. ಸಂಜೆಯವರೆಗೂ ಅಕ್ಕಿಯೇ. ಕೊನೆಗೆ ಸಾರ್ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೇಳಿದರು: "ಉಳಿದ ಐದು ಹಾಡು ಚೆನ್ನಾಗಿ ಬಂದಿವೆ. ಇದನ್ನ ಸದ್ಯಕ್ಕೆ ನಮ್ಮಲ್ಲಿ ಮಾದರಿಗೆ ಟ್ರ್ಯಾಕ್ ಹಾಡೋ ಹುಡುಗಿ ಕೈಲಿ ಹಾಡಿಸಿ ಇಟ್ಟಿರ್ತೀನಿ. ಬಿಡುಗಡೆಗೆ ಮುಂಚೆ ಇನ್ನೊಂದು ಸಲ ಬನ್ನಿ. ಹ ಬಂದರೆ ಹಾಡು ನಿಮ್ಮದು. ಇಲ್ಲ ಅಂದರೆ ಅವಳದೇ ದನಿ ಇರಲಿ, ನೀವು ಹಿಂದೆ ಲಲಲಾ ಹಾಡಿ."

ಲಲಲಾ! ಯಾವುದನ್ನು ಬಿಟ್ಟು ಓಡಿ ಬಂದಿದ್ದೆನೋ ಅದೇ. ನನಗೆ ಬಂದ ಸಿಟ್ಟಿಗೆ ಮೆಟ್ಟಿಲು ದಡದಡ ಇಳಿದು ಚಪ್ಪಲಿ ಮರೆತು ಮತ್ತೆ ಹತ್ತಬೇಕಾಯಿತು. ಆ ಹಾಡು ನನ್ನದು, ನನಗೇ ಬೇಕು ಅಂತ ಬಸ್ಸಿನಲ್ಲಿ ಬಾಯಿಬಿಟ್ಟೇ ಹೇಳಿದೆ. ಹನೂರಿನವಳು ಸಮಾಧಾನ ಮಾಡಿದಳು: "ನಮ್ಮಜ್ಜಿ ತಮಿಳಲ್ಲಿ ಆ ಅಕ್ಸರಾನೇ ಇಲ್ಲ ಕಣೇ. ಅವ್ಳು ಬದುಕ್ನಿಲ್ವಾ?"

ಮನೆಯಲ್ಲಿ ಅಭ್ಯಾಸ ಶುರುಮಾಡಿದೆ. ಮೇಣದಬತ್ತಿ ಹಚ್ಚಿ ಬಾಯಿಯ ಮುಂದೆ ಹಿಡಿದು 'ಹ' ಅನ್ನಬೇಕು, ದೀಪ ಅಲುಗಿದರೆ ಅಕ್ಷರ ಬಂತು ಅಂತ ಲೆಕ್ಕ. ಇದು ಯಳಂದೂರಿನ ಮೇಷ್ಟರ ಉಪಾಯ. ಮುದ್ದೆ ತೊಳಸುವ ಕೋಲು ಹಿಡಿದುಕೊಂಡೇ ಹ, ಹಾ, ಹಿ, ಹೀ ಅನ್ನುತ್ತಿದ್ದೆ. ಅವ್ವ ಎರಡು ದಿನ ನೋಡಿ, "ಗಂಟ್ಲಲ್ಲಿ ಏನಾರ ಸಿಕ್ಕಂಡದಾ ಮಗಾ?" ಅಂತ ಕೇಳಿದಳು. ವಿಷಯ ಹೇಳಿದೆ. ಅವ್ವನಿಗೆ ಹಕ್ಕಿಯ ಬಗ್ಗೆಯಾಗಲಿ ಅಕ್ಕಿಯ ಬಗ್ಗೆಯಾಗಲಿ ಚಿಂತೆ ಆಗಲಿಲ್ಲ. "ನಿನ್ ದನಿ ಇಲ್ದಿದ್ರೆ ಆ ಆಡ್ನ ನಾ ಯಾತುಕ್ ಕೇಳ್ಳಿ?" ಅಂದಳು ಅಷ್ಟೇ. ಆ ಮಾತು ನನ್ನ ಎದೆಯಲ್ಲಿ ಕೂತಿತು.

ಇತ್ತ ಪ್ರಚಾರದ ಹೊಣೆ ಹನೂರಿನವಳದು. ಫೋನಿನಲ್ಲಿ ಹಾಕುವ ಚಿಕ್ಕ ವಿಡಿಯೋಗಳನ್ನು ಎಲ್ಲರೂ ನೋಡುತ್ತಾರೆ, ಯಾರೂ ನೆನಪಿಡುವುದಿಲ್ಲ ಅನ್ನುವುದು ಅವಳ ವಾದ. "ನಮ್ ಕಡೆ ರೇಡಿಯೋ ಅಂದ್ರೆ ಟ್ರಾಕ್ಟ್ರು," ಅಂದಳು. ಸುಳ್ಳಲ್ಲ. ಕಬ್ಬು ಅರೆಯುವ ಕಾಲದಲ್ಲಿ ಕುಂತೂರಿನ ಕಾರ್ಖಾನೆಯ ಮುಂದೆ ಕಬ್ಬಿನ ಟ್ರಾಕ್ಟರ್‌ಗಳು ಸಾಲಾಗಿ ನಿಂತಿರುತ್ತವೆ. ಒಂದೊಂದರಲ್ಲೂ ಎರಡೆರಡು ಸ್ಪೀಕರ್ ಪೆಟ್ಟಿಗೆ. ತಮ್ಮ ಸರದಿ ಬರುವವರೆಗೆ ಡ್ರೈವರ್‌ಗಳಿಗೆ ಹಾಡು ಕೇಳುವುದು ಬಿಟ್ಟು ಬೇರೆ ಕೆಲಸವಿಲ್ಲ. ಅವರಲ್ಲಿ ಅರ್ಧಕ್ಕರ್ಧ ಜನ ಕೊಳ್ಳೇಗಾಲ ದಾಟುವಾಗ ನಮ್ಮ ಹೋಟೆಲಿನಲ್ಲೇ ಮುದ್ದೆ ಉಣ್ಣುವವರು. ಹನೂರಿನವಳು ಒಂದು ಚೀಲ ತುಂಬ ಪೆನ್‌ಡ್ರೈವ್ ಮಾಡಿಕೊಂಡು ಬಂದಳು.

ಅದರಲ್ಲಿ ಹಾಕಲು ಮೊದಲ ಹಾಡು ಬೇಕಲ್ಲ, ಅವಳ ಹತ್ತಿರ ಇದ್ದದ್ದು ಅವತ್ತು ಸಾರ್ ನಮಗೆ ಕೇಳಿಸಿದಾಗ ಫೋನಿನಲ್ಲಿ ಹಿಡಿದುಕೊಂಡಿದ್ದ ನನ್ನ ಎಸರಿನ ಹಾಡೇ. ನಾನು ಕಿರುಚಾಡಿದೆ. "ಟ್ರಾಕ್ಟ್ರು ಸದ್ದಲ್ಲಿ ಯಾವ್ ಅಕ್ಸರ ಅದೆ ಯಾವ್ದು ಇಲ್ಲ, ಯಾರ್ಗ್ ಗೊತ್ತಾಯ್ತದೆ ಬುಡು," ಅಂದಳು. ಹಂಚುವ ಕೆಲಸ ಅವ್ವ ವಹಿಸಿಕೊಂಡಳು. ಮುದ್ದೆ ಉಪ್ಸಾರಿನ ತಟ್ಟೆಯ ಪಕ್ಕ ಒಂದು ಪೆನ್‌ಡ್ರೈವ್ ಇಟ್ಟು, "ನಮ್ ಎಣ್ಮಗಿನ ಆಡು ಕಣ್ಲಾ. ನಾಳಿಕ್ ಬಂದು ಎಂಗದೆ ಅಂತ ಏಳ್ನಿಲ್ಲ ಅಂದ್ರೆ ಎರಡ್ನೇ ಮುದ್ದೆ ಇಲ್ಲ," ಅನ್ನುತ್ತಿದ್ದಳು. ಇಂಥ ಪ್ರಚಾರ ಯಾವ ದೊಡ್ಡ ಕಂಪನಿಗೆ ಗೊತ್ತಿರಲು ಸಾಧ್ಯ?

ಎರಡನೇ ಸಲ ಮೈಸೂರಿಗೆ ಹೋಗುವ ಹೊತ್ತಿಗೆ ನನ್ನ ಬಾಯಲ್ಲಿ 'ಹ' ಧಾರಾಳವಾಗಿ ಬರುತ್ತಿತ್ತು. ಪಲ್ಲವಿ ಹಾಡಿದೆ. ಹೆಸರು, ಹಕ್ಕಿ, ಹಾರೋ, ಹಾದಿ, ಒಂದೂ ತಪ್ಪಲಿಲ್ಲ. ಗಾಜಿನಾಚೆ ಸಾರ್ ಹೆಬ್ಬೆರಳು ಎತ್ತಿದರು. ಯಳಂದೂರಿನವಳ ಮುಖ ಅರಳಿತು. ಆ ಖುಷಿಯಲ್ಲೇ ಚರಣಕ್ಕೆ ಹೋದೆ. ಚರಣದಲ್ಲಿ ಇದ್ದದ್ದು, 'ಊರಾಚೆ ಆಲದ ಮರ, ಅಲ್ಲೇ ನನ್ನ ಅರಮನೆ'. ನಾನು ಹಾಡಿದ್ದು:

ಹೂರಾಚೆ ಹಾಲದ ಮರ, ಹಲ್ಲೇ ನನ್ನ ಹರಮನೆ

ಸಾರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ಹೋದ ಸಲ ಅನ್ನ ಆಯ್ತು, ಈ ಸಲ ಹಲ್ಲು ಆಯ್ತು. ಅನ್ನ ಅಗಿಯೋಕೆ ಆಯ್ತು ಬಿಡಿ," ಅಂದರು. ನಮ್ಮೂರ ಕಡೆಯವರು 'ಹ' ಕಲಿಯಲು ಹೊರಟರೆ ಆಗುವುದೇ ಇದು. ಇಷ್ಟು ವರ್ಷ ನುಂಗಿಟ್ಟಿದ್ದ ಹ ಎಲ್ಲ ಒಟ್ಟಿಗೆ ಹೊರಗೆ ಬಂದು, ಬೇಕಾದ ಕಡೆಯೂ ಬೇಡದ ಕಡೆಯೂ ಹೋಗಿ ಕೂರುತ್ತವೆ. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜ ಆಫೀಸಿನ ಸಾಹೇಬರ ಮುಂದೆ ನಿಂತರೆ ಮಾತ್ರ ಆನೆಯನ್ನು ಹಾನೆ ಮಾಡುತ್ತಾರೆ. ಮರ್ಯಾದೆಗೆ. ನನ್ನ ಕಥೆಯೂ ಹಾಗೇ ಆಯಿತು. ಊರು ಸರಿ ಮಾಡಿದರೆ ಹಕ್ಕಿ ಹೋಗುತ್ತಿತ್ತು, ಹಕ್ಕಿ ಹಿಡಿದರೆ ಊರು ಹೂರಾಗುತ್ತಿತ್ತು.

ಹಾಡು ಟ್ರ್ಯಾಕ್ ಹುಡುಗಿಯ ಪಾಲಾಯಿತು. ಅವಳು ಹಾಡಿದ್ದನ್ನು ಕೇಳಿದೆ. ಚೆನ್ನಾಗಿಯೇ ಇತ್ತು, ಅದೇ ಹೊಟ್ಟೆ ಉರಿಸಿದ್ದು. ವಾಪಸ್ ಬರುವಾಗ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿ ಅತ್ತೆ. ಹನೂರಿನವಳು ಮೊದಲ ಸಲ ಸೀಟು ಬಾರಿಸದೆ ಸುಮ್ಮನೆ ಕೂತಿದ್ದಳು.

ಬಿಡುಗಡೆಗೆ ಒಂದು ವಾರ ಮುಂಚೆ ಹನೂರಿನಲ್ಲಿ ನಮ್ಮ ಕಾರ್ಯಕ್ರಮ. ಹೊಸ ಮೊಬೈಲ್ ಅಂಗಡಿಯೊಂದರ ಪ್ರಾರಂಭೋತ್ಸವಕ್ಕೆ ನಮಗೆ ವೇದಿಕೆ ಕೊಟ್ಟಿದ್ದರು. ವೇದಿಕೆ ಅಂದರೆ ಬಲೂನು ಕಟ್ಟಿದ ಟ್ರೈಲರ್. ಹಿಂದೆ ಫ್ಲೆಕ್ಸಿನಲ್ಲಿ ನಾವು ಮೂವರು ಬಣ್ಣದ ಕನ್ನಡಕ ಹಾಕಿಕೊಂಡು ನಗುತ್ತಿದ್ದೆವು. ಗುಂಪಿನ ಹೆಸರು ಇರಬೇಕಾದ ಜಾಗದಲ್ಲಿ 'ಹೆಸರು ಶೀಘ್ರದಲ್ಲೇ' ಅಂತ ಹಾಕಿಸಿದ್ದೆವು. ಮುಂದೆ ಜನ ಸೇರಿದ್ದರು. ಕಬ್ಬಿನ ಸರದಿ ಮುಗಿಸಿ ಬಂದ ಡ್ರೈವರ್‌ಗಳ ಒಂದು ದಂಡೂ ಇತ್ತು, ಕೆಲವರ ತಲೆಯ ಮೇಲೆ ಇನ್ನೂ ಕಬ್ಬಿನ ಧೂಳು.

ಲ್ಯಾಪ್‌ಟಾಪಿನಿಂದ ಮೊದಲ ಹಾಡು ಶುರುವಾಯಿತು. ದನಿ ಟ್ರ್ಯಾಕ್ ಹುಡುಗಿಯದು, ಬಾಯಿ ಆಡಿಸುವುದು ನಾನು. 'ಹೆಸರು ಯಾತಕೆ ಕೇಳ್ತೀಯೋ' ಅಂತ ನನ್ನದಲ್ಲದ ದನಿಗೆ ತುಟಿ ಅಲುಗಿಸುತ್ತ ನಿಂತಾಗ ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಪಲ್ಲವಿ ಮುಗಿಯುವ ಮೊದಲೇ ಮುಂದಿನ ಸಾಲಿನಿಂದ ಒಬ್ಬ ದಪ್ಪ ಮೀಸೆಯ ಡ್ರೈವರ್ ಎದ್ದು ನಿಂತ.

"ಇದಲ್ಲ ಕಣ್ರವ್ವಾ! ನಮ್ ಆಡು ಆಕಿ!"

ನಾನು ಮೈಕಿನಲ್ಲೇ ಕೇಳಿದೆ, "ಯಾವ್ ಆಡಣ್ಣಾ?"

"ಅದೇ ಅಕ್ಕಿ ಆಡು! ಎಸ್ರು ಮಡಗ್ಬುಟ್ಟು ಉಣ್ಣಕ್ ಕರೀತಾಳಲ್ಲ, ಆರೋಯ್ತದೆ ಬಿರ್ನೆ ಬಾ ಅಂತ. ಆ ಆಡು!"

ಅವನ ಪಕ್ಕದವನು ಸೇರಿಸಿದ: "ಒಳ್ಳೆ ಎಂಡ್ತಿ ಫೋನ್ ಮಾಡ್ದಂಗೇ ಅದೆ ಕಣಕ್ಕಾ. ಕ್ಯೂನಲ್ಲಿ ನಿಂತ್ಕಂಡು ಅದ್ನ ಕೇಳ್ತಿದ್ರೆ ಒಟ್ಟೆ ಚುರ್ ಅಂತದೆ."

ಹಿಂದಿನಿಂದ ಮತ್ತಷ್ಟು ಜನ ಕೂಗಿದರು, "ಎಸ್ರು! ಎಸ್ರು!" ಆಗ ನನಗೆ ತಿಳಿಯಿತು. ಕಾರ್ಖಾನೆಯ ಮುಂದೆ ಹಸಿದು ನಿಂತವರಿಗೆ ಆ ಹಾಡಿನಲ್ಲಿ ಯಾವ ತಪ್ಪೂ ಕೇಳಿಸಿರಲಿಲ್ಲ. ಒಬ್ಬಳು ಎಸರಿಟ್ಟು, ಅನ್ನ ಆರುವ ಮೊದಲು ಬಾ ಅಂತ ಕರೆಯುತ್ತಾಳೆ, ದಾರಿ ಕಾಯುತ್ತಾಳೆ. ಅವರಿಗೆ ಅದರಷ್ಟು ಒಳ್ಳೆಯ ಪ್ರೇಮಗೀತೆ ಇನ್ನೊಂದಿರಲಿಲ್ಲ.

ನಾನು ಹೆದರಿ ಯಳಂದೂರಿನವಳ ಕಡೆ ನೋಡಿದೆ. ಹಕ್ಕಿ ಅವಳದು. ಅವಳು ಲ್ಯಾಪ್‌ಟಾಪ್ ಮುಚ್ಚಿ, ಕೀಬೋರ್ಡಿನ ಮೇಲೆ ಕೈಯಿಟ್ಟು, ಜನ್ಮದಲ್ಲಿ ಒಂದು ಹ ಬಿಡದವಳು, "ಆಡೇ!" ಅಂದಳು. ಹನೂರಿನವಳು ಪ್ಯಾಡ್ ಬಾರಿಸಿದಳು. ನಾನು ಏನನ್ನೂ ಯೋಚಿಸದೆ ಹಾಡಿದೆ. 'ಅಕ್ಕಿ ಕಣೋ ನಾನು' ಅನ್ನುವಾಗ ಜನ ನನ್ನ ಜೊತೆ ಕೂಗಿದರು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ.

ಯಾರೋ ಅದನ್ನು ಫೋನಿನಲ್ಲಿ ಹಿಡಿದು ಹಂಚಿದ್ದರು. ಎರಡು ದಿನದಲ್ಲಿ ಸಾರ್ ಫೋನ್ ಬಂತು. "ನನ್ನ ಲೆಕ್ಕವೇ ತಪ್ಪಾಯ್ತು ಅಂತ ಇಟ್ಟುಕೊಳ್ಳಿ. ಆ ಎಸರಿನ ಹಾಡೇ ಆಲ್ಬಂಗೆ ಹೋಗಲಿ. ನಿಮ್ಮ ಹಳೆಯ ಟೇಕ್ ಎಲ್ಲ ಅಳಿಸಿಬಿಟ್ಟಿದ್ದೀನಿ. ಪೆನ್‌ಡ್ರೈವಿನದು ಫೋನಲ್ಲಿ ಹಿಡಿದದ್ದು, ಅದನ್ನ ಹಾಕೋಕೆ ಆಗಲ್ಲ. ಬಂದು ಒಂದು ಟೇಕ್ ಕೊಡಿ." ಈ ಸಲ ಅವ್ವನೂ ಹೊರಟಳು. ಎಲ್ಲ ದಿನವೂ ತೆರೆದಿರುವ ಹೋಟೆಲಿಗೆ ಬೀಗ ಹಾಕಿ, ಕ್ಯಾರಿಯರಿನಲ್ಲಿ ಮುದ್ದೆ ಉಪ್ಸಾರು ಕಟ್ಟಿಕೊಂಡು, "ಆ ಸ್ಟುಡಿಯೋ ಸಾರು ಉಂಡವ್ರೋ ಇಲ್ವೋ ನೋಡ್ತೀನಿ. ಒಟ್ಟೆ ತುಂಬಿದ್ರೆ ನಿನ್ ದನಿ ಸರ್ಯಾಗ್ ಕೇಳಿಸ್ತದೆ," ಅಂದಳು.

ಮೈಕಿನ ಮುಂದೆ ನಿಂತೆ. ಕಣ್ಣು ಮುಚ್ಚಿದೆ. ಹಾಡಿದೆ.

'ಹೆಸರು.' ಗಾಜಿನ ಹಾಗೆ ಸ್ವಚ್ಛವಾದ ಹ.

ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷೀಲಿ ಅಂತಾರಲ್ಲ, ಹಾಗೆ. ಮೇಣದಬತ್ತಿಯ ಮುಂದೆ ಮಾಡಿದ ತಪಸ್ಸು ಆವತ್ತು ಫಲ ಕೊಟ್ಟಿತ್ತು. ಮತ್ತೆ ಹಾಡಿದೆ, ಮತ್ತೆ ಹಕ್ಕಿ. ಹ ಬಿಡಬೇಕು ಅಂತ ಬಲವಂತ ಮಾಡಿದರೆ ಹಳ್ಳಿಯವಳ ವೇಷ ಹಾಕಿದ ಪಟ್ಟಣದವಳ ಹಾಗೆ ಕೇಳುತ್ತಿತ್ತು. "ಅಮ್ಮಾ, ಕೈ ಮುಗಿದು ಕೇಳಿದಾಗ ಬರಲಿಲ್ಲ, ಇವತ್ತು ಬೇಡ ಅಂದರೆ ಬರ್ತಿದೆಯಲ್ಲಾ," ಅಂತ ಸಾರ್ ಕುರ್ಚಿಗೆ ಒರಗಿದರು. ಸಂಜೆ ಬೇರೆಯವರ ರೆಕಾರ್ಡಿಂಗ್ ಇತ್ತು. ಮಾರನೇ ದಿನ ಆಲ್ಬಂ ಕಳಿಸಲೇಬೇಕು. ನನ್ನಿಂದ ಆಗದಿದ್ದರೆ ಟ್ರ್ಯಾಕ್ ಹುಡುಗಿಯ ಹಾಡೇ ಗತಿ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ ಅಂತ ನನ್ನ ಕಣ್ಣು ತುಂಬಿಕೊಂಡಿತು.

ಹೊರಗೆ ಕೂತಿದ್ದ ಅವ್ವನಿಗೆ ಬೇಸರ ಬಂದಿರಬೇಕು. ಗೂಡಿನಂಥ ಆ ಕೋಣೆಯ ಬಾಗಿಲು ತಳ್ಳಿ ತಲೆ ಒಳಗೆ ಹಾಕಿದಳು. ಸಾರ್ ಯಾಕೋ ರೆಕಾರ್ಡಿಂಗ್ ನಿಲ್ಲಿಸಲಿಲ್ಲ. ಅವ್ವ ನನ್ನ ಮುಖ ನೋಡಿದಳು. ಆಮೇಲೆ ದಿನಾ ಗಲ್ಲಾ ಪೆಟ್ಟಿಗೆಯಿಂದ ಕೂಗುವ ಅದೇ ರಾಗದಲ್ಲಿ ಕೂಗಿದಳು:

"ಮಗಾ, ಎಸ್ರು ಮಡಗಿದ್ದಿಯಾ?"

"ಮಡಗಿವ್ನಿ ಕಣವ್ವೋ, ಕುದೀತಾ ಅದೆ!" ಅಂದುಬಿಟ್ಟೆ. ಬಾಯಿ ತಾನಾಗಿ ಅಂದದ್ದು. ಆ ಉಸಿರಿನಲ್ಲೇ ಸಾರ್ ಸಂಗೀತ ಬಿಟ್ಟರು, ನಾನು ಹಾಡಿದೆ. ಎಸರು, ಅಕ್ಕಿ, ಆರೋ, ಆದಿ. ಒಂದೇ ಟೇಕ್. ಅವ್ವ ಬಾಗಿಲಲ್ಲೇ ಕದಲದೆ ನಿಂತಿದ್ದಳು.

ವಾಪಸ್ ಬರುವ ಬಸ್ಸಿನಲ್ಲಿ ಗುಂಪಿಗೆ ಹೆಸರೂ ಸಿಕ್ಕಿತು. "ಹೆಸರಿಲ್ಲದವರಿಗೆ ಎಸರೇ ಗಟ್ಟಿ," ಅಂತ ಯಳಂದೂರಿನವಳು ನಿಟ್ಟುಸಿರಿಟ್ಟು ಫೋನ್ ತೆಗೆದಳು. 'ಹೆಸರಿಟ್ಟಿಲ್ಲ' ಅಳಿಸಿ 'ಎಸರು' ಅಂತ ಬರೆದಳು. ಹನೂರಿನವಳು ಸೀಟು ಬಾರಿಸಿದ ರಭಸಕ್ಕೆ ಕಂಡಕ್ಟರ್ ಬಂದು ಬೈದ.

ಬಿಡುಗಡೆಯ ದಿನ ಮಧ್ಯಾಹ್ನ ನಮ್ಮ ಹೋಟೆಲ್ ತುಂಬಿತ್ತು. ಆವತ್ತು ನಾನು ಗಲ್ಲಾದಲ್ಲಿ, ಅವ್ವ ಹಿಂದೆ ಮುದ್ದೆ ತೊಳಸುತ್ತಿದ್ದಳು. ಸದ್ದು ಹೆಚ್ಚಲಿ ಅಂತ ಫೋನನ್ನು ಸ್ಟೀಲ್ ಚೊಂಬಿನೊಳಗೆ ಇಟ್ಟು ಹಾಡು ಹಾಕಿದೆ. ಅವ್ವನ ಆ ಕೂಗನ್ನು ಸಾರ್ ತೆಗೆದಿರಲಿಲ್ಲ, ಆಲ್ಬಂನ ಮೊದಲಿಗೇ ಉಳಿಸಿದ್ದರು. ಚೊಂಬಿನೊಳಗಿಂದ ಜೋರಾಗಿ ಬಂತು: "ಮಗಾ, ಎಸ್ರು ಮಡಗಿದ್ದಿಯಾ?"

"ಊಂ, ಮಡಗಿವ್ನಿ!" ಅಂತ ಹಿಂದಿನಿಂದ ಅವ್ವ ಕೂಗಿದಳು.

ಉಣ್ಣುತ್ತಿದ್ದವರೆಲ್ಲ ಗೊಳ್ಳೆಂದು ನಕ್ಕರು. ಅವ್ವ ಕೈಯಲ್ಲಿ ಕೋಲು ಹಿಡಿದುಕೊಂಡೇ ಹೊರಗೆ ಬಂದು, ಯಾರು ಕರೆದದ್ದು ಅಂತ ನೋಡಿದಳು. ಅಷ್ಟರಲ್ಲಿ ಹಾಡು ಶುರುವಾಗಿತ್ತು. ಅವಳು ಚೊಂಬಿನ ಕಡೆ ಬಗ್ಗಿ ಕಿವಿ ಕೊಟ್ಟಳು.

"ಇದು ನಿನ್ ದನೀನಾ?"

"ಊಂ ಕಣವ್ವ."

"ಅಂಗಾರೆ ಇನ್ನೂ ಜೋರಾಗ್ ಮಡಗು," ಅಂದಳು.